ಹಾಳೂರನ್ನು ಓದುವ ಬಗೆ

ಧಾರವಾಡಕ್ಕೆ ಪೇಡೆ ಅಂಟಿಕೊಂಡ ಹಾಗೆ ಹಂಪಿಗೆ ‘ಹಾಳು’ ಅಂಟಿಕೊಂಡಿದೆ. ‘ಹಾಳು ಹಂಪಿ’ ಎನ್ನುವಾಗ ನಾವು ಒಂದು ಊರನ್ನು ವರ್ಣಿಸುತ್ತಿದ್ದೇವೆ ಎಂಬುದೇ ನೆನಪಿರುವುದಿಲ್ಲ. ಅದು ಊರಿನ ಪೂರ್ತಿ ಹೆಸರೇನೋ ಎಂಬಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ. ಕನ್ನಡದಲ್ಲಿ ‘ಹಾಳು’ ಎಂಬುದು ನಿಟ್ಟುಸಿರೂ ಹೌದು, ಬೈಗುಳವೂ ಹೌದು. ಇದೇ ಸಂಗತಿಗೆ ಕಂದಾಯ ಇಲಾಖೆಯವರ ಬಳಿ ಇನ್ನೊಂದು ಪದವಿದೆ. ಜನವಸತಿಯಿಲ್ಲದ ಊರನ್ನು ಅವರ ದಾಖಲೆಗಳು ‘ಬೇಚರಾಕ್ ಗ್ರಾಮ’ ಎಂದು ಕರೆಯುತ್ತವೆ. ಪಾರಸಿಯಿಂದ ಬಂದ ಆ ಪದಕ್ಕೆ ದೀಪವಿಲ್ಲದ್ದು ಎಂದು ಅರ್ಥ. ಗುಮಾಸ್ತರ ಕಡತದಲ್ಲಿ ಇಷ್ಟು ಒಳ್ಳೆಯ ರೂಪಕ ಕೂತಿರುವುದು ಆಶ್ಚರ್ಯ. ಇನ್ನು ಗಾದೆಯೊಂದು ಎಲ್ಲರಿಗೂ ಗೊತ್ತು: ಹಾಳೂರಿಗೆ ಉಳಿದವನೇ ಗೌಡ. ಊರು ಖಾಲಿಯಾದ ಮೇಲೆ ಅಲ್ಲಿ ಯಾರು ನಿಂತು ಮಾತಾಡುತ್ತಾರೋ ಅವರ ಮಾತೇ ನಡೆಯುತ್ತದೆ.

ಹಾಳಾದ ಊರುಗಳ ಬಗ್ಗೆ ಕನ್ನಡದಲ್ಲಿ ಬರೆದವರನ್ನು ಓದುವಾಗ ಈ ಗಾದೆ ನೆನಪಾಗುತ್ತಲೇ ಇರುತ್ತದೆ. ಹಂಪಿಯಲ್ಲಾಗಲೀ ಹಳೇಬೀಡಿನಲ್ಲಾಗಲೀ ನಮ್ಮ ಕಣ್ಣು ಏನನ್ನು ಹುಡುಕುತ್ತದೆ ಎಂಬುದನ್ನು ಅಲ್ಲಿಗೆ ಹೋಗುವ ಮೊದಲೇ ಯಾರೋ ತೀರ್ಮಾನಿಸಿರುತ್ತಾರೆ. ಪಠ್ಯಪುಸ್ತಕ, ಕಾದಂಬರಿ, ಸಿನಿಮಾ, ಗೈಡು ಎಲ್ಲ ಸೇರಿ ನಮ್ಮ ಕೈಗೆ ಒಂದು ಕನ್ನಡಕ ಕೊಟ್ಟಿರುತ್ತಾರೆ. ಈ ಕನ್ನಡಕಗಳು ಯಾವುವು, ಅವುಗಳಿಂದ ಏನು ಕಾಣುತ್ತದೆ, ಏನು ತಪ್ಪಿಹೋಗುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲನೆಯದು ಗತವೈಭವದ ಕನ್ನಡಕ. ಆಲೂರು ವೆಂಕಟರಾಯರು 1905ರಲ್ಲಿ ಹಂಪಿ, ಆನೆಗೊಂದಿಗಳನ್ನು ಕಂಡರು. ಆ ದರ್ಶನವೇ ತಮ್ಮನ್ನು ಕರ್ನಾಟಕದ ಕೆಲಸಕ್ಕೆ ಹಚ್ಚಿತು ಎಂದು ಅವರು ನಂಬಿದ್ದರು. 1917ರಲ್ಲಿ ‘ಕರ್ನಾಟಕ ಗತವೈಭವ’ ಬಂತು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡಿಗರಿಗೆ ಒಟ್ಟಾಗಿ ಹಿಡಿದುಕೊಳ್ಳಲು ಒಂದು ಚಿತ್ರ ಬೇಕಿತ್ತು. ಹಂಪಿಯ ಕಲ್ಲುಗಳು ಆ ಚಿತ್ರವನ್ನು ಒದಗಿಸಿದವು. 1956ರ ಏಕೀಕರಣದ ಹಿಂದೆ ಎಷ್ಟೋ ಜನರ ಎಷ್ಟೋ ಬಗೆಯ ದುಡಿಮೆ ಇದೆ. ಅದರ ಭಾವನೆಯ ಬುನಾದಿಯಲ್ಲಿ ಈ ಪುಸ್ತಕಕ್ಕೆ ಜಾಗವಿದೆ. ಆದ್ದರಿಂದ ಇಂದು ಕುಳಿತು ಆಲೂರರ ಆವೇಶವನ್ನು ಲೇವಡಿ ಮಾಡುವುದು ಸುಲಭ, ಮತ್ತು ಅನ್ಯಾಯ. ಅವರ ಕಣ್ಣಿಗೆ ಬಿದ್ದ ಹಾಳು, ಆ ಹೊತ್ತಿನ ಕನ್ನಡಿಗರ ಸ್ಥಿತಿಯ ಕನ್ನಡಿಯಾಗಿತ್ತು.

ತೊಂದರೆ ಶುರುವಾಗುವುದು ಅಗತ್ಯ ಮುಗಿದ ಮೇಲೂ ಕನ್ನಡಕ ಉಳಿದಾಗ. ವೈಭವವನ್ನು ಹುಡುಕಲು ಹೋದವರಿಗೆ ಹಂಪಿಯಲ್ಲಿ ಕಾಣುವುದು ಅರಸರು ಮಾತ್ರ. ಬೀದಿಯಲ್ಲಿ ಮುತ್ತುರತ್ನಗಳನ್ನು ಸೇರಿನಲ್ಲಿ ಅಳೆದು ಮಾರಿದರೆಂಬ ಮಾತು ಪ್ರತಿ ಶಾಲಾ ಪ್ರವಾಸದಲ್ಲೂ ಕೇಳುತ್ತದೆ. ಅದೇ ಬೀದಿಗೆ ಕಲ್ಲು ಹೊತ್ತವರ, ನೀರು ತಂದವರ ಮಾತು ಕೇಳುವುದಿಲ್ಲ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರ ಚರಿತ್ರೆಗೆ ‘ಮರೆತುಹೋದ ಸಾಮ್ರಾಜ್ಯ’ ಎಂಬ ಅರ್ಥದ ಹೆಸರಿಟ್ಟ. ಪೋರ್ಚುಗೀಸರಾದ ಪಾಯೆಸ್, ನೂನಿಜರ ವರದಿಗಳನ್ನು ಇಂಗ್ಲಿಷಿಗೆ ತಂದ ಉಪಕಾರ ಅವನದು, ನಿಜ. ಆದರೆ ಯಾರು ಮರೆತಿದ್ದರು? ವಿರೂಪಾಕ್ಷನ ಪೂಜೆ ನಿಂತಿರಲಿಲ್ಲ. ತೇರು ಎಳೆಯುತ್ತಿದ್ದರು. ಜಾತ್ರೆಗೆ ಬರುವವರಿಗೆ ಅದು ಪಂಪಾಕ್ಷೇತ್ರವಾಗಿತ್ತು. ಮರೆತವರು ಚರಿತ್ರೆ ಬರೆಯುವವರು. ಆ ಮರೆವನ್ನು ಎಲ್ಲರ ತಲೆಗೂ ಕಟ್ಟಿದ್ದನ್ನು ನಮ್ಮ ಗತವೈಭವದ ಬರಹಗಳು ಹೆಚ್ಚು ಪ್ರಶ್ನೆಯಿಲ್ಲದೆ ಒಪ್ಪಿಕೊಂಡವು.

ಎರಡನೆಯದು ಸಾಕ್ಷಿಯ ಕನ್ನಡಕ. ಎಸ್.ಎಲ್. ಭೈರಪ್ಪನವರ ‘ಆವರಣ’ (2007) ಶುರುವಾಗುವುದು ಹಂಪಿಯಲ್ಲಿ. ಸಾಕ್ಷ್ಯಚಿತ್ರ ಮಾಡಲು ಬಂದ ದಂಪತಿಯ ನಡುವೆ ಭಗ್ನ ವಿಗ್ರಹಗಳು ಬಿರುಕು ತರುತ್ತವೆ. ಇಡೀ ಕಾದಂಬರಿಗೆ ಆ ಕಲ್ಲುಗಳು ಮೊದಲ ದಸ್ತಾವೇಜು ಇದ್ದ ಹಾಗೆ. ಕೃತಿಯ ರಾಜಕೀಯದ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಜಗಳವಾಗಿದೆ, ಅದನ್ನು ಮತ್ತೆ ಆಡಬೇಕಿಲ್ಲ. ಇಲ್ಲಿ ಗಮನಿಸಬೇಕಾದ್ದು ಕಾದಂಬರಿ ಕಲ್ಲನ್ನು ಬಳಸುವ ರೀತಿ. ಯಾರು ಒಡೆದರು ಎಂಬ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಮುಚ್ಚಿಡಬೇಕಾದ ಕಾರಣವೇನೂ ಇಲ್ಲ. ಆದರೆ ಆ ಒಂದೇ ಪ್ರಶ್ನೆ ಕೇಳುವವನಿಗೆ ಒಡೆದ ಜಾಗ ಕಾಣುತ್ತದೆಯೇ ಹೊರತು ಉಳಿದ ಕಲ್ಲು ಕಾಣುವುದಿಲ್ಲ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಉಗ್ರನರಸಿಂಹ, ಕೈಕಾಲು ಮುರಿದ ಪುರಾವೆಯಾಗಿ ನಿಲ್ಲುತ್ತಾನೆ. ಅಷ್ಟು ದೊಡ್ಡ ಬಂಡೆಯಲ್ಲಿ ಆ ಮುಖಭಾವವನ್ನು ಬಿಡಿಸಿದ ಕೈ ನಮ್ಮ ಯೋಚನೆಗೆ ಬರುವುದೇ ಇಲ್ಲ.

ಗಿರೀಶ ಕಾರ್ನಾಡರ ‘ರಾಕ್ಷಸ ತಂಗಡಿ’ (2018) ಇದೇ 1565ರ ಯುದ್ಧವನ್ನು ಬೇರೆ ಕಡೆಯಿಂದ ನೋಡುತ್ತದೆ. ಅವರ ಅಳಿಯ ರಾಮರಾಯ ನಿಷ್ಪಾಪಿ ಬಲಿಪಶುವಲ್ಲ. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಛೂ ಬಿಟ್ಟು ಆಡಿಸಿದ ಚತುರ, ಅಹಂಕಾರಿ. ಅವನಿಗೆ ಕಲ್ಯಾಣದ ಚಾಲುಕ್ಯರ ಹಿರಿಮೆಯ ಗೀಳು. ನಾಟಕದ ಅತ್ಯಂತ ಚುರುಕಾದ ಒಳನೋಟ ಇದೇ ಎಂದು ನನಗನ್ನಿಸುತ್ತದೆ. ಹಾಳಾಗಲಿರುವ ಊರಿನ ಯಜಮಾನನೇ ಅದಕ್ಕೂ ಮೊದಲು ಹಾಳಾದ ಇನ್ನೊಂದು ಊರಿನ ಗತವೈಭವಕ್ಕೆ ಸಿಕ್ಕಿಬಿದ್ದಿದ್ದಾನೆ. ಗತವೈಭವ ನಮ್ಮ ಕಾಲದ ಕಾಯಿಲೆ ಮಾತ್ರವಲ್ಲ ಎಂದು ಕಾರ್ನಾಡರು ತೋರಿಸುತ್ತಾರೆ. ಆದರೂ ಅವರ ನಾಟಕಕ್ಕೂ ಭೈರಪ್ಪನವರ ಕಾದಂಬರಿಗೂ ಒಂದು ಹೋಲಿಕೆ ಇದೆ. ಇಬ್ಬರೂ ಹಂಪಿಯನ್ನು ಒಂದು ತೀರ್ಪಿನ ಸ್ಥಳವಾಗಿ ನೋಡುತ್ತಾರೆ. ತೀರ್ಪು ಬೇರೆ, ಕಟಕಟೆಯಲ್ಲಿ ನಿಂತವರು ಬೇರೆ, ಕೋರ್ಟು ಒಂದೇ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಈ ಕೋರ್ಟಿನಿಂದ ಹೊರಗೆ ಬಂತು. ಲಿಸ್ಬನ್ನಿನ ತೇಜೋ ನದಿಯ ದಡ ಮತ್ತು ತುಂಗಭದ್ರೆಯ ದಡಗಳನ್ನು ಎದುರುಬದುರು ಇಟ್ಟು, ಊರು ಹಾಳಾಗುವುದಕ್ಕೆ ಎಷ್ಟೋ ಮೊದಲು ಅಲ್ಲಿ ಬದುಕಿದ ಸಾಮಾನ್ಯರನ್ನು ಅದು ಹಿಡಿಯಿತು. ವೈಭವದ ಕಾಲದಲ್ಲೇ ಎಷ್ಟು ಕ್ರೌರ್ಯ ಇತ್ತು, ನಂಬಿಕೆಯ ಹೆಸರಿನಲ್ಲಿ ಬಡವರ, ಹೆಂಗಸರ ಮೈ ಎಷ್ಟು ನೊಂದಿತು ಎಂಬುದನ್ನು ಓದಿದ ಮೇಲೆ ಹಂಪಿಯ ಕಂಬಗಳು ಮೊದಲಿನ ಹಾಗೆ ಕಾಣುವುದಿಲ್ಲ. ಹಂಪಿಯ ಕುರಿತ ಕನ್ನಡ ಬರವಣಿಗೆಯಲ್ಲಿ ಇದು ದೊಡ್ಡ ಹೆಜ್ಜೆ. ಆದರೆ ಕಾದಂಬರಿಯ ಕಸುಬೇ ಖಾಲಿ ಜಾಗವನ್ನು ಕಲ್ಪನೆಯಿಂದ ತುಂಬುವುದು. ಊರಿನ ಮಣ್ಣಿನಲ್ಲಿ, ಕಲ್ಲಿನಲ್ಲಿ ಈಗಾಗಲೇ ಬರೆದಿರುವುದನ್ನು ಓದುವ ಕೆಲಸ ಬೇರೆ. ಅದು ಹಾಗೇ ಉಳಿದಿದೆ.

ಇದು ಬರಿಯ ಸಾಹಿತ್ಯದ ತಕರಾರಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2011ರಲ್ಲಿ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಮಾಡಿಕೊಂಡಿದ್ದ ಕುಟುಂಬಗಳನ್ನು ಒಕ್ಕಲೆಬ್ಬಿಸಿ, ಅವರು ಕಟ್ಟಿಕೊಂಡಿದ್ದನ್ನು ಕೆಡವಲಾಯಿತು. ಸ್ಮಾರಕದ ಒಳಗೆ ಅಡುಗೆ ಮಾಡುವುದು ಸರಿಯೇ ಎಂಬ ಪ್ರಶ್ನೆಗೆ ಎರಡು ಕಡೆಯ ವಾದಗಳೂ ಇವೆ. ಮಂಟಪದ ಕಂಬಕ್ಕೆ ಗೋಡೆ ಕಟ್ಟಿದರೆ ಕಂಬಕ್ಕೆ ಹಾನಿ. ಬಜಾರು ಎಂದು ಹೆಸರಿದ್ದ ಬೀದಿಯಲ್ಲಿ ವ್ಯಾಪಾರವೇ ಇಲ್ಲದಿದ್ದರೆ ಬೀದಿಗೆ ಹಾನಿ. ಕಾನೂನಿನ ಲೆಕ್ಕ ಏನೇ ಇರಲಿ, ಆ ಕುಟುಂಬಗಳನ್ನು ‘ಅತಿಕ್ರಮಣಕಾರರು’ ಎಂದು ನಾವು ಅಷ್ಟು ಬೇಗ ಒಪ್ಪಿಕೊಂಡದ್ದು ಹೇಗೆ? ಹಂಪಿ ಹಾಳು ಎಂದು ನೂರು ವರ್ಷ ಓದಿ ಬಂದವರಿಗೆ ಅಲ್ಲಿ ಒಲೆ ಉರಿಯುವುದೇ ಅಪಶಕುನವಾಗಿ ಕಾಣುತ್ತದೆ. ಬೇಚರಾಕ್ ಊರಿನಲ್ಲಿ ದೀಪ ಇರಕೂಡದು. ವಿಶೇಷಣವೊಂದು ಜನರ ಬಾಳಿಗೆ ತಾಗುವುದು ಹೀಗೆ.

ನಿಜಕ್ಕೂ ಹಂಪಿ ಎಷ್ಟು ಹಾಳು? ವಿಜಯನಗರದ ಕಾಲದ ತುರ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಆ ನೀರಿನಲ್ಲಿ ಬಾಳೆ, ಭತ್ತ ಬೆಳೆಯುತ್ತಾರೆ. ಕೋಟೆ ಬಿದ್ದಿದೆ, ಕಾಲುವೆ ಬಿದ್ದಿಲ್ಲ. ಅರಮನೆಯ ಅಡಿಪಾಯ ಮಾತ್ರ ಉಳಿದಿದೆ, ಗದ್ದೆಯ ಬದು ಉಳಿದಿದೆ. ಪ್ರವಾಸಿಗರು ಮಾತಂಗ ಬೆಟ್ಟದಿಂದ ಸೂರ್ಯೋದಯ ನೋಡಿ, ಕಣ್ಣೆದುರಿನ ಹಸಿರನ್ನು ಕಲ್ಲಿನ ಹಿನ್ನೆಲೆ ಎಂದುಕೊಂಡು ಇಳಿದುಬರುತ್ತಾರೆ. ಆ ಹಸಿರೇ ವಿಜಯನಗರದ ಎಲ್ಲಕ್ಕಿಂತ ಜೀವಂತವಾದ ಕಟ್ಟಡ. ರಾಜಾಂಗಣದ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲು ಪುಷ್ಕರಣಿಯ ಕಥೆಯೂ ಇಂಥದೇ. ಅದರ ಫೋಟೋ ಎಲ್ಲರ ಬಳಿಯೂ ಇದೆ. ಆದರೆ ಅದರ ಕಲ್ಲುಗಳ ಮೇಲೆ ದಿಕ್ಕು, ಸಾಲುಗಳನ್ನು ತೋರಿಸುವ ಗುರುತಿನ ಅಕ್ಷರಗಳಿವೆ. ಯಾವ ಕಲ್ಲು ಎಲ್ಲಿ ಕೂರಬೇಕು ಎಂದು ಕಲ್ಲುಕುಟಿಗರು ತಮಗಾಗಿ ಬರೆದುಕೊಂಡ ಚೀಟಿಗಳು ಅವು. ಅರಸರ ಬಿರುದಾವಳಿ ಅಲ್ಲಿಲ್ಲ. ಕೆಲಸದವರ ಕನ್ನಡ ಇದೆ. ಹಂಪಿಯ ಬಗ್ಗೆ ಬಂದ ಅಷ್ಟು ಬರವಣಿಗೆಯಲ್ಲಿ ಈ ಅಕ್ಷರಗಳಿಗೆ ಸಿಕ್ಕ ಜಾಗ ಎಷ್ಟು ಕಡಿಮೆ.

ಹಂಪಿಯಿಂದ ಈಗ ಶಿವನಿಯ ಕಡೆಗೆ ಬರೋಣ. ಅಲ್ಲಿ ಓದಬಹುದಾದದ್ದು ಇನ್ನೂ ಸ್ಪಷ್ಟವಾಗಿ ಬರೆದಿದೆ. ಅಜ್ಜಂಪುರ ತಾಲ್ಲೂಕಿನ ಶಿವನಿ, ಬೀರೂರಿನಿಂದ ಚಿಕ್ಕಜಾಜೂರಿನ ಕಡೆ ಹೋಗುವ ರೈಲಿನವರಿಗೆ ಅಜ್ಜಂಪುರದ ಮುಂದಿನ ನಿಲ್ದಾಣವಾಗಿ ಪರಿಚಯ. ಪ್ರವಾಸಿ ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ. ಈ ಸೀಮೆಯ ಮಕ್ಕಳನ್ನೂ ಶಾಲೆಯವರು ಹಂಪಿಗೋ ಬೇಲೂರು ಹಳೇಬೀಡಿಗೋ ಕರೆದೊಯ್ಯುತ್ತಾರೆ. ಅಜ್ಜಂಪುರ, ತರೀಕೆರೆಗಳ ಮೇಲೆ ಹಾದು ಅರ್ಧ ದಿನದಲ್ಲಿ ನೋಡಿ ಬರಬಹುದಾದ ಅಮೃತಾಪುರ, ಹತ್ತಿರವಿರುವ ತಪ್ಪಿಗೆ, ಪ್ರವಾಸ ಎನ್ನಿಸಿಕೊಳ್ಳುವುದಿಲ್ಲ.

ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ. ಇದು ಹಾಳಾದ ಗುಡಿಯಲ್ಲ, ಪೂಜೆ ನಡೆಯುತ್ತಿದೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು, ಸೋಮನಾಥಪುರದವು ಮಾತ್ರ. ಇದಕ್ಕೆ ಆ ಭಾಗ್ಯವಿಲ್ಲ. ಇಲ್ಲಿನ ತೆರೆದ ಮಂಟಪದ ಹೊರಗೋಡೆಯ ಮೇಲೆ 140 ಶಿಲ್ಪಫಲಕಗಳಿವೆ. ದಕ್ಷಿಣದ ಕಡೆ ರಾಮಾಯಣದ 70, ಉತ್ತರದ ಕಡೆ ಕೃಷ್ಣಕಥೆಯ 25 ಮತ್ತು ಮಹಾಭಾರತದ 45. ಉತ್ತರದ ಕಥೆಗಳು ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗಿದರೆ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಭಕ್ತರ ಹಾಗೆ ಸುಮ್ಮನೆ ಸುತ್ತು ಹಾಕಿದವರಿಗೆ ರಾಮಾಯಣ ಹಿಂದುಮುಂದಾಗುತ್ತದೆ. ಕಥೆ ಗೊತ್ತಿದ್ದವರು ಮಾತ್ರ ನಿಂತು, ತಿರುಗಿ, ಬಂದ ದಾರಿಯಲ್ಲಿ ವಾಪಸು ನಡೆಯುತ್ತಾರೆ. ನೋಡುವುದಕ್ಕೂ ಓದುವುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು.

ಆದರೆ ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿಗೆ ಬರಲೇಬೇಕಾದ ಕಾರಣ ಬೇರೆ ಇದೆ. ಇಲ್ಲಿನ ದೊಡ್ಡ ಶಾಸನದ ಪದ್ಯಗಳು ಜನ್ನನವು. ‘ಯಶೋಧರ ಚರಿತೆ’ಯ ಜನ್ನ, ‘ಅನಂತನಾಥ ಪುರಾಣ’ದ ಜನ್ನ. ಯಶೋಧರ ಚರಿತೆಯ ಕಾಲ 1209. ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, ಇನ್ನೂ ಆ ಕಾವ್ಯವನ್ನು ಬರೆಯದಿದ್ದ ಕವಿಯ ಪದ್ಯಗಳು ಇಲ್ಲಿ ಬಯಲಲ್ಲಿ ನಿಂತಿವೆ. ಪಂಪ, ರನ್ನರ ಕಾವ್ಯಗಳು ನಮಗೆ ತಲುಪಿದ್ದು ಎಷ್ಟೋ ಕೈ ದಾಟಿದ ಓಲೆಗರಿಗಳಿಂದ. ಇದು ಹಾಗಲ್ಲ. ಕವಿ ಬದುಕಿದ್ದ ಕಾಲದಲ್ಲೇ ಕಲ್ಲಿಗೇರಿದ ಪಾಠ. ಪಾಠಾಂತರದ ಗೋಜಿಲ್ಲ. ಇಂಥ ಅವಕಾಶ ಎಷ್ಟು ಕವಿಗಳ ವಿಷಯದಲ್ಲಿ ನಮಗೆ ಸಿಗುತ್ತದೆ?

ಇನ್ನೂ ಒಂದು ಸಂಗತಿಯಿದೆ. ಜನ್ನ ಜೈನ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪ ಮಾತ್ರದಿಂದಲೇ ಜನ್ಮಜನ್ಮಕ್ಕೂ ನರಳಬೇಕಾಯಿತು ಎಂದು ಮುಂದೆ ಬರೆಯಲಿರುವ ಕವಿ, ಇಲ್ಲಿ ಯುದ್ಧವೇ ವೃತ್ತಿಯಾದ ದಂಡನಾಯಕನೊಬ್ಬ ಕಟ್ಟಿಸಿದ ಶಿವಾಲಯಕ್ಕೆ ಪದ್ಯ ಕಟ್ಟಿದ್ದಾನೆ. ಆಸ್ಥಾನಕವಿಯ ಅನಿವಾರ್ಯತೆ ಎಂದು ಕೈತೊಳೆದುಕೊಳ್ಳಬಹುದು. ಧರ್ಮಸಮನ್ವಯ ಎಂದು ಹಾರ ಹಾಕಲೂಬಹುದು. ಎರಡೂ ಅವಸರದ ಮಾತು. ಶಾಸನದ ಪದ್ಯಗಳನ್ನೂ ಕಾವ್ಯದ ಪದ್ಯಗಳನ್ನೂ ಪಕ್ಕಪಕ್ಕ ಇಟ್ಟು, ವೀರವನ್ನು ಹೊಗಳಿದ ಕವಿ ಹಿಂಸೆಯ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಹೇಗೆ ಯೋಚಿಸಿದ ಎಂದು ಕೇಳಿದಾಗಲೇ ವಿಮರ್ಶೆ ಶುರುವಾಗುವುದು. ಹೊಗಳಿಕೆಯ ಕಸುಬು ಗೊತ್ತಿದ್ದವನಿಗೇ ಅದರ ಒಳಗಿನ ಕ್ರೌರ್ಯವೂ ಗೊತ್ತಿರಬಹುದು. ತರಗತಿಯಲ್ಲಿ ಅಮೃತಮತಿಯ ಪ್ರಸಂಗವನ್ನು ಬಿಡಿಸಿ ಬಿಡಿಸಿ ಪಾಠ ಮಾಡುವ ನಾವು, ಅದೇ ಕವಿಯ ಕಲ್ಲಿನ ಪದ್ಯಗಳನ್ನು ಚರಿತ್ರೆ ವಿಭಾಗದವರಿಗೆ ಬಿಟ್ಟುಕೊಟ್ಟಿದ್ದೇವೆ. ಅವರಿಗೆ ಬೇಕಾದದ್ದು ತಾರೀಕು, ರಾಜನ ಹೆಸರು, ದತ್ತಿಯ ವಿವರ. ಅವನ್ನು ತೆಗೆದುಕೊಂಡ ಮೇಲೆ ಉಳಿಯುವ ಪದ್ಯ ಯಾರ ಪಾಲಿಗೂ ಇಲ್ಲ.

ಹಿಂದಿನವರು ಹೀಗಿರಲಿಲ್ಲ. ಬಿ.ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಆಗಿನ ಕಡೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದ. ಅಮೃತಾಪುರದ ಶಾಸನ ಅದರಲ್ಲಿ ತರೀಕೆರೆ 45. ಆರ್. ನರಸಿಂಹಾಚಾರ್ಯರು ‘ಕರ್ನಾಟಕ ಕವಿಚರಿತೆ’ ಬರೆಯುವಾಗ ಕವಿಗಳನ್ನು ಓಲೆಗರಿಯಲ್ಲಿ ಹುಡುಕಿದಂತೆಯೇ ಕಲ್ಲಿನಲ್ಲೂ ಹುಡುಕಿದರು. ಶಾಸನಗಳಲ್ಲಿನ ಒಳ್ಳೆಯ ಪದ್ಯಗಳನ್ನು ಆರಿಸಿ ‘ಶಾಸನ ಪದ್ಯಮಂಜರಿ’ ಎಂದು ಸಂಕಲಿಸಿದರು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಅದೇ ಕಲ್ಲುಗಳಲ್ಲಿ ಜನಜೀವನವನ್ನು ಓದಿತು. ಇವರಿಗೆ ಕಲ್ಲು ಒಂದು ಪುಸ್ತಕವಾಗಿತ್ತು. ನಂತರದ ಸೃಜನಶೀಲ ಬರವಣಿಗೆಯಲ್ಲಿ ಆ ಕಲ್ಲು ಒಂದೋ ಕಣ್ಣೀರಿಗೆ, ಇಲ್ಲವೇ ಕೋಪಕ್ಕೆ ಕಾರಣವಾಗಿ ಉಳಿಯಿತು.

ಅಪವಾದ ಇಲ್ಲವೇ? ಇದೆ. ಡಿ.ವಿ.ಜಿ.ಯವರ ‘ಅಂತಃಪುರ ಗೀತೆಗಳು’ ಬೇಲೂರಿನ ಮದನಿಕೆಯರ ಮುಂದೆ ನಿಂತು ಬರೆದಂಥವು. ಬೇಲೂರನ್ನು ಅವರು ಹೊಯ್ಸಳ ವೈಭವದ ಲೆಕ್ಕಕ್ಕೆ ಹಿಡಿಯಲಿಲ್ಲ. ಒಬ್ಬೊಬ್ಬಳ ಎದುರೂ ನಿಂತು, ಅವಳ ಕೈ ಎಲ್ಲಿದೆ, ಕಣ್ಣು ಎಲ್ಲಿದೆ, ಆ ಗಳಿಗೆಯಲ್ಲಿ ಅವಳ ಮನಸ್ಸಿನಲ್ಲಿ ಏನಿದ್ದೀತು ಎಂದು ಕೇಳಿದರು. ಆ ಗೀತೆಗಳ ಶೃಂಗಾರ ಇಂದಿನ ಓದುಗರಿಗೆ ಸ್ವಲ್ಪ ಹೆಚ್ಚು ಅಲಂಕೃತ ಎನ್ನಿಸಬಹುದು. ಹೆಂಗಸನ್ನು ನೋಡುವ ಆ ದೃಷ್ಟಿಯ ಬಗ್ಗೆ ಪ್ರಶ್ನೆಗಳೂ ಏಳಬೇಕು. ಆದರೆ ಒಂದು ಶಿಲ್ಪಕ್ಕೆ ಒಂದು ಗೀತೆ ಎಂಬ ಆ ಶಿಸ್ತು ಮುಖ್ಯ. ಗುಡಿಯ ಬಗ್ಗೆ ಒಟ್ಟಾರೆ ಮಾತಾಡಲು ಅದು ಬಿಡುವುದಿಲ್ಲ. ಹೊಯ್ಸಳ ಶಿಲ್ಪಿಗಳೂ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿಕೊಂಡವರು. ಮಲ್ಲಿತಮ್ಮ ಎಂಬ ಹೆಸರು ಅಮೃತಾಪುರದಲ್ಲೂ ಸಿಗುತ್ತದೆ, ಸೋಮನಾಥಪುರದಲ್ಲೂ ಸಿಗುತ್ತದೆ. ಬಿಡಿಬಿಡಿಯಾಗಿ ನೋಡಿ ಎಂದು ಅವರೇ ಹೇಳಿಟ್ಟ ಹಾಗಿದೆ.

ಹಾಳೂರಿನ ಬಗೆಗಿನ ಬರಹವನ್ನು ಅಳೆಯಲು ಇದರಿಂದ ಒಂದು ಮಾನದಂಡ ಸಿಗುತ್ತದೆ. ಬರೆದವರ ಭಾವನೆ ಎಷ್ಟು ಪ್ರಾಮಾಣಿಕ, ಅವರ ರಾಜಕೀಯ ನಮಗೆ ಹಿಡಿಸುತ್ತದೆಯೇ ಇಲ್ಲವೇ ಎಂಬುದು ಆಮೇಲಿನ ಮಾತು. ಅವರು ಅಲ್ಲಿದ್ದದ್ದನ್ನು ಓದಿದ್ದಾರೆಯೇ? ಓದಿದ ಒಂದು ವಿವರ, ಅವರು ಹೊರಡುವಾಗ ತಂದಿದ್ದ ಅಭಿಪ್ರಾಯವನ್ನು ಒಂದಿಷ್ಟಾದರೂ ಅಲುಗಿಸಿದೆಯೇ? ಆಲೂರರನ್ನು ಹಂಪಿ ಅಲುಗಿಸಿತು, ಆದರೆ ಅವರ ನಂತರ ಬಂದವರು ಆ ಅಲುಗಾಟವನ್ನು ಬಾಯಿಪಾಠ ಮಾಡಿದರು. ‘ಆವರಣ’ದಲ್ಲಿ ಕಲ್ಲು ಮಾತಾಡುವುದಕ್ಕೆ ಮೊದಲೇ ವಕೀಲರು ಮಾತಾಡಿಬಿಡುತ್ತಾರೆ. ಕಾರ್ನಾಡರು ಅರಸನನ್ನು ಓದಿದರು, ವಸುಧೇಂದ್ರ ಜನರನ್ನು ಕಲ್ಪಿಸಿಕೊಂಡರು. ಪುಷ್ಕರಣಿಯ ಕಲ್ಲಿನ ಮೇಲಿನ ಅಕ್ಷರಗಳ ಬಗ್ಗೆ, ಕಾಲುವೆಯ ನೀರಿನ ಬಗ್ಗೆ, ಮಂಟಪದಿಂದ ಎದ್ದುಹೋದವರ ಬಗ್ಗೆ ಬರೆಯುವವರಿಗೆ ಜಾಗ ಖಾಲಿ ಇದೆ.

ಶಿವನಿಯ ಕಡೆಯ ಬಿ.ಎ. ವಿದ್ಯಾರ್ಥಿಯೊಬ್ಬಳು ಇದನ್ನು ಓದುತ್ತಿದ್ದರೆ ಅವಳಿಗೊಂದು ಮಾತು. ಕಾಲೇಜಿನ ಗ್ರಂಥಾಲಯದಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ ಇದೆಯೇ ವಿಚಾರಿಸಿ. ಇದ್ದರೆ ಕಪಾಟಿನ ಮೇಲಿನ ಸಾಲಿನಲ್ಲಿ ಧೂಳು ತಿನ್ನುತ್ತಿರುತ್ತದೆ. ತರೀಕೆರೆ 45ರ ಪುಟಗಳನ್ನು ಜೆರಾಕ್ಸ್ ಮಾಡಿಸಿ, ಒಂದು ಭಾನುವಾರ ಅಮೃತಾಪುರದ ಬಸ್ಸು ಹಿಡಿಯಿರಿ. ಜೊತೆಗೆ ‘ಯಶೋಧರ ಚರಿತೆ’ಯೂ ಇರಲಿ. ಹೊಯ್ಸಳರ ಕಾಲದ ಲಿಪಿ ಮೊದಲಿಗೆ ಬರೀ ಬಳ್ಳಿಯ ಹಾಗೆ ಕಾಣುತ್ತದೆ. ಅಚ್ಚಿನ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು ಬೆರಳಿನಿಂದ ಗಾಳಿಯಲ್ಲೇ ತಿದ್ದುತ್ತ ಹೋದರೆ ಮೊದಲು ಒಂದು ‘ಗ’, ಆಮೇಲೆ ಒಂದು ‘ನ’ ಗುರುತಿಗೆ ಬರುತ್ತವೆ. ಕಲ್ಲನ್ನು ಮುಟ್ಟಬೇಡಿ, ಕುಂಕುಮ, ಸೀಮೆಸುಣ್ಣ ಹಚ್ಚಬೇಡಿ. ಸಂಜೆಯೊಳಗೆ ಒಂದು ಪದ್ಯದ ಪೂರ್ವಾರ್ಧ ಬಿಡಿಸಿದರೂ ಸಾಕು. ಆ ಪದ್ಯದ ಬಗ್ಗೆ ಎರಡು ಪುಟ ಬರೆಯಿರಿ.